ಸೂಪರ್ ಅಂದ್ಮೇಲೆ?

ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಗೆಳತಿಯೊಬ್ಬಳಿದ್ದಾಳೆ. ಆರನೇ ವಯಸ್ಸಿನಿಂದ ಭರತನಾಟ್ಯ ಕಲಿತವಳು. ನಮಗೆ ಗೊತ್ತಿದ್ದದ್ದು ಮಾತ್ರ ಇಷ್ಟೇ: ಗುರುವಾರ ಏನೇ ಆದರೂ ಆರು ಗಂಟೆಗೆ ಲಾಗ್ ಔಟ್ ಆಗ್ತಾಳೆ. ಒಂದು ಭಾನುವಾರ ಮಲ್ಲೇಶ್ವರದಲ್ಲಿ ಅವಳ ಕಾರ್ಯಕ್ರಮ ಇತ್ತು. ಏಳು ಜನ ಹೋದೆವು, ಒಂದೂವರೆ ಗಂಟೆ ಕೂತೆವು, ಮೂರು ಸಲ ತಪ್ಪಾದ ಜಾಗದಲ್ಲಿ ಚಪ್ಪಾಳೆ ಹೊಡೆದೆವು. ಮುಗಿದ ಮೇಲೆ ಹಿಂದೆ ಹೋಗಿ, ಇನ್ನೂ ಬೆವರು ಆರದೆ ನಿಂತಿದ್ದ ಅವಳಿಗೆ ನಾನು ಹೇಳಿದೆ, ‘ಸೂಪರ್ ಆಗಿತ್ತು!’

‘ಯಾವ್ದು?’ ಅಂದಳು.

ನಿಜವಾಗಿ ತಿಳಿದುಕೊಳ್ಳೋಕೇ ಕೇಳಿದ್ದಳು ಅಂತ ಈಗ ಅನ್ನಿಸುತ್ತೆ. ಆಗ ನಾನು ತಡವರಿಸಿದೆ. ‘ಎಲ್ಲಾ... ಕಾಸ್ಟ್ಯೂಮ್ ಅಂತೂ...’ ಅವಳು ನಕ್ಕಳು. ಆಟೋದಿಂದ ಇಳಿಯುವಾಗ ಚಿಲ್ಲರೆ ಬೇಡ ಅಂದರೆ ಡ್ರೈವರ್ ನಗುತ್ತಾರಲ್ಲ, ಆ ನಗು.

ಮುಂದಿನ ಕಾರ್ಯಕ್ರಮಕ್ಕೆ ಅವಳು ನಮ್ಮನ್ನು ಕರೆಯಲಿಲ್ಲ. ಫೋಟೋ ನೋಡಿದ ಮೇಲಷ್ಟೇ ಗೊತ್ತಾಗಿದ್ದು. ಕೇಳಿದರೆ, ‘ನಿಮಗೆ ಬೋರ್ ಆಗುತ್ತೆ ಪಾಪ, ಭಾನುವಾರ ಸುಮ್ನೆ ಯಾಕೆ ಹಾಳು ಅಂತ’ ಅಂದಳು. ಕೋಪ ಇರಲಿಲ್ಲ ಅವಳ ಮಾತಲ್ಲಿ. ಅದೇ ಜಾಸ್ತಿ ಚುಚ್ಚಿದ್ದು.

ಯೋಚನೆ ಮಾಡಿ. ಇದೇ ನಾವು ಮಧ್ಯಾಹ್ನ ಬಂದ ಬಿರಿಯಾನಿ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತೇವೆ. ಮಸಾಲೆ ತಳದಲ್ಲೇ ಕೂತಿದೆ, ಅಕ್ಕಿ ಒಂದು ಕುದಿ ಜಾಸ್ತಿ ಆಗಿದೆ, ದಮ್ ಸರಿಯಾಗಿ ಕಟ್ಟಿಲ್ಲ. ಕ್ರಿಕೆಟ್ಟಂತೂ ಕೇಳಲೇಬೇಡಿ. ಬ್ಯಾಟ್ ಹಿಡಿದು ಎರಡು ಓವರ್ ನಿಲ್ಲಲಾಗದವನೂ ಫ್ರಂಟ್ ಫುಟ್ಟು, ಲೆಂಗ್ತು, ರಿವರ್ಸ್ ಸ್ವಿಂಗು ಅಂತಾನೆ. ಇದನ್ನೆಲ್ಲ ಯಾವ ಕ್ಲಾಸಿಗೆ ಹೋಗಿ ಕಲಿತೆವು? ಅಪ್ಪನ ಪಕ್ಕ, ಚಿಕ್ಕಪ್ಪನ ಪಕ್ಕ ಟೀವಿ ಮುಂದೆ ಕೂತು ಕಿವಿಗೆ ಬಿದ್ದದ್ದು. ಪದ ಮೊದಲು ಬಂತು, ಆಮೇಲೆ ಕಣ್ಣು ಬಂತು. ‘ರಿವರ್ಸ್ ಸ್ವಿಂಗ್’ ಅಂತ ಒಂದು ಮಾತು ಗೊತ್ತಾಗುವವರೆಗೆ ಚೆಂಡು ಹಾಗೆ ತಿರುಗುವುದು ಕಾಣಿಸಿಯೇ ಇರಲಿಲ್ಲ.

ಕಲೆಯ ಪದಗಳು ಮಾತ್ರ ಎಲ್ಲರ ಮನೆಯ ಟೀವಿ ಮುಂದೆ ಬೀಳಲಿಲ್ಲ. ಕೆಲವು ಮನೆಗಳಲ್ಲಿ ಊಟದ ಜೊತೆ ರಾಗದ ಹೆಸರನ್ನೂ ಬಡಿಸುತ್ತಾರೆ. ನಮ್ಮ ಮನೆಯಲ್ಲಿ ರೇಡಿಯೋ ಅಂದರೆ ಪ್ರದೇಶ ಸಮಾಚಾರ ಮತ್ತು ಚಿತ್ರಗೀತೆ. ಹಾಗಾಗಿ ಸಭೆಗೆ ಹೋದಾಗಲೆಲ್ಲ ನನಗೆ ಮೊದಲು ಆಗುತ್ತಿದ್ದದ್ದು ಆನಂದ ಅಲ್ಲ, ಭಯ. ಪಕ್ಕದಲ್ಲಿ ಕೂತವರು ತೊಡೆ ಮೇಲೆ ಲೆಕ್ಕ ಹಾಕುತ್ತಿದ್ದರೆ, ನನಗೆ ಗೊತ್ತಿಲ್ಲದ ಪರೀಕ್ಷೆ ಒಂದು ನಡೀತಿದೆ ಅನ್ನಿಸುತ್ತಿತ್ತು.

ಸರಿ, ಪದ ಬೇಕು ಅಂತ ಪೇಪರಿನ ವಿಮರ್ಶೆ ಓದೋಕೆ ಶುರು ಮಾಡಿದೆ. ಅಲ್ಲಿ ಸಿಕ್ಕಿದ್ದೇನು? ‘ಕಿಕ್ಕಿರಿದ ಸಭಾಂಗಣ’, ‘ರಸದೌತಣ’, ‘ಮಂತ್ರಮುಗ್ಧ’, ‘ಮನಸೂರೆಗೊಂಡಿತು’, ‘ಕಲಾರಸಿಕರ ಹೃನ್ಮನ ತಣಿಸಿತು’. ಒಂದು ಆಟ ಆಡಿ ನೋಡಿ. ಪಿಟೀಲು ಕಚೇರಿಯ ವಿಮರ್ಶೆಯಿಂದ ಕಲಾವಿದರ ಹೆಸರು, ವಾದ್ಯದ ಹೆಸರು ತೆಗೆದು ಒಡಿಸ್ಸಿ ನರ್ತಕಿಯ ಹೆಸರು ಹಾಕಿ. ಒಂದೇ ಒಂದು ವಾಕ್ಯ ಬದಲಾಯಿಸಬೇಕಾಗಿ ಬರಲ್ಲ. ನಮ್ಮ ‘ಸೂಪರ್’ಗೂ ಈ ‘ಮಂತ್ರಮುಗ್ಧ’ಕ್ಕೂ ಇರುವ ವ್ಯತ್ಯಾಸ ಇಸ್ತ್ರಿ ಮಾಡಿದ ಅಂಗಿಯದು, ಅಷ್ಟೇ. ಒಳಗಿರುವ ಮನುಷ್ಯ ಅವನೇ, ಅವನೂ ಏನನ್ನೂ ನೋಡಿಲ್ಲ. ನೋಡಿದ್ದರೆ ಯಾವ ಜಾಗದಲ್ಲಿ ಏನಾಯಿತು ಅಂತ ಒಂದಾದರೂ ಹೇಳುತ್ತಿದ್ದ.

ಕೊನೆಗೆ ಕ್ಯಾಂಟೀನಿನಲ್ಲಿ ಅವಳನ್ನೇ ಹಿಡಿದೆ. ‘ಅವತ್ತು ಮಧ್ಯದಲ್ಲಿ ಉದ್ದಕ್ಕೆ ಮಾಡಿದ್ಯಲ್ಲ, ಅದೇನು?’

‘ವರ್ಣ’ ಅಂದಳು.

ವರ್ಣ ಅಂದರೆ ಬಣ್ಣ ಅಲ್ವಾ ಅಂದೆ. ಆ ಒಂದು ಪದದಿಂದ ಶುರುವಾಯ್ತು ನನ್ನ ಓದು. ವರ್ಣ ಭರತನಾಟ್ಯ ಕಾರ್ಯಕ್ರಮದ ನಡುಗಂಬ. ಸಾಮಾನ್ಯವಾಗಿ ಅರ್ಧ ಗಂಟೆಗೂ ಮೀರಿ ನಡೆಯುತ್ತೆ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅಂತ ಇವತ್ತು ನಾವು ನೋಡುವ ಕ್ರಮಕ್ಕೆ ರೂಪ ಕೊಟ್ಟವರು ಹತ್ತೊಂಬತ್ತನೇ ಶತಮಾನದ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು. ಅವರಲ್ಲಿ ಚಿನ್ನಯ್ಯ ಅನ್ನುವವರು ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಅದನ್ನು ಮೈಯಲ್ಲಿ ಹೊತ್ತು ಉಳಿಸಿದವರು ದೇವದಾಸಿ ಮನೆತನದ ನರ್ತಕಿಯರು. ಆಮೇಲೆ ಕಲೆ ಬೇರೆಯವರ ಮನೆ ಸೇರಿತು, ಗೌರವವೂ ಅದರ ಜೊತೆಗೇ ಮನೆ ಬದಲಾಯಿಸಿತು. ಪದಗಳು ಮಾತ್ರ ಹಳೆಯವೇ ಉಳಿದವು. ಅದಕ್ಕೇ ಈ ಪದಗಳು ಯಾರಪ್ಪನ ಸ್ವತ್ತೂ ಅಲ್ಲ ಅನ್ನೋ ಧೈರ್ಯ ನನಗೆ ಬಂದಿದ್ದು.

ಅವಳು ಟಿಶ್ಯೂ ಪೇಪರಿನ ಮೇಲೆ ಗೀಟು ಹಾಕಿ ತೋರಿಸಿದಳು. ವರ್ಣದಲ್ಲಿ ಎರಡು ಸರಕು ಒಂದಾದ ಮೇಲೊಂದು ಬರುತ್ತವೆ. ಒಂದು ನೃತ್ತ. ಅಂದರೆ ಬರೀ ಚಲನೆ. ತಕಧಿಮಿ ಅಂತ ನಟುವಾಂಗದವರು ಹೇಳುತ್ತಾರಲ್ಲ, ಆ ಜತಿಗೆ ಕಾಲು, ಕೈ, ಕಣ್ಣು ಓಡುತ್ತವೆ. ಇನ್ನೊಂದು ಅಭಿನಯ. ಹಾಡಿನ ಸಾಲು ಹಿಡಿದು ಹೇಳುವುದು. ‘ನೃತ್ತದಲ್ಲಿ ಕೈಗೆ ಅರ್ಥ ಹುಡುಕಬೇಡ’ ಅಂದಳು. ಹೆಬ್ಬೆರಳು ಮಡಿಸಿ ಉಳಿದ ಬೆರಳು ನೆಟ್ಟಗೆ ಇಟ್ಟರೆ ಪತಾಕ. ಅಭಿನಯದಲ್ಲಿ ಅದೇ ಕೈ ಮೋಡ ಆಗಬಹುದು, ಕಾಡು ಆಗಬಹುದು, ನದಿ ಆಗಬಹುದು, ಬೇಡ ಅನ್ನುವುದೂ ಆಗಬಹುದು. ನೃತ್ತದಲ್ಲಿ ಅದು ಬರೀ ಕೈ, ಚೆಂದಕ್ಕೆ ಇರುವ ಕೈ.

ನನಗೆ ತಲೆ ಮೇಲೆ ನೀರು ಸುರಿದ ಹಾಗಾಯ್ತು. ಆ ಭಾನುವಾರ ನಾನು ಮಾಡಿದ್ದು ತದ್ವಿರುದ್ಧ. ಜತಿ ನಡೆಯುವಾಗೆಲ್ಲ ‘ಈಗ ಏನು ಹೇಳ್ತಿದಾಳೆ? ಯುದ್ಧನಾ? ಹೂವು ಕೊಯ್ತಿದಾಳಾ?’ ಅಂತ ತಲೆ ಕೆಡಿಸಿಕೊಂಡಿದ್ದೆ. ಅದು ತಬಲಾ ಕೇಳಿ ‘ಕಥೆ ಏನು?’ ಅಂದ ಹಾಗೆ. ಅವಳು ನಿಂತು, ಸಾಲಿಗೆ ಸಾಲು ಬಿಡಿಸಿ ಹೇಳುವ ಹೊತ್ತಿಗೆ ನಾನು ಸುಸ್ತಾಗಿ ಫೋನ್ ನೋಡುತ್ತಿದ್ದೆ. ‘ಅರ್ಥ ಆಗಲ್ಲಪ್ಪ ನಮಗೆ’ ಅಂತ ಎಲ್ಲರೂ ಅನ್ನುತ್ತೇವಲ್ಲ, ಅದರಲ್ಲಿ ಅರ್ಧ ಸಲ ಅರ್ಥ ಇಲ್ಲದ ಕಡೆ ಅರ್ಥ ಹುಡುಕಿ ದಣಿದಿರುತ್ತೇವೆ.

ಅಂದಹಾಗೆ, ಅಭಿನಯ ನಾಲ್ಕು ಥರ ಅಂತ ಶಾಸ್ತ್ರ ಹೇಳುತ್ತೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಆಹಾರ್ಯ ಅಂದರೆ ಉಡುಗೆ ತೊಡುಗೆ. ‘ಕಾಸ್ಟ್ಯೂಮ್ ಸೂಪರ್’ ಅಂದಾಗ ನನಗೇ ಗೊತ್ತಿಲ್ಲದೆ ನಾನು ಆಹಾರ್ಯಾಭಿನಯದ ವಿಮರ್ಶೆ ಮಾಡಿದ್ದೆ! ಹೇಳಿದೆ. ಈ ಸಲ ಅವಳು ಸರಿಯಾಗಿ ನಕ್ಕಳು.

ಇನ್ನೊಂದು ಪದ ಕೊಟ್ಟಳು: ಮುಕ್ತಾಯ. ಜತಿ ಮುಗಿಯುವ ಮುಂಚೆ ಒಂದು ಸಣ್ಣ ತುಣುಕು ಮೂರು ಸಲ ಬರುತ್ತೆ. ತೀರ್ಮಾನ ಅಂತಲೂ ಕರೆಯುತ್ತಾರೆ. ನಾವು ಮೀಟಿಂಗಿನಲ್ಲಿ ತೆಗೆದುಕೊಳ್ಳದ ತೀರ್ಮಾನ ಅಲ್ಲ, ನಿಜವಾಗಿ ಮುಗಿಸುವ ತೀರ್ಮಾನ. ಮೂರನೆಯದರ ತುದಿ ತಾಳದ ಗೊತ್ತಾದ ಜಾಗಕ್ಕೇ ಬಂದು ಬೀಳಬೇಕು. ‘ಮೊದಲ ಸಲ ಬಂದಾಗ ಗುರುತು ಹಿಡಿ, ಎರಡನೇ ಸಲ ಲೆಕ್ಕ ಇಡು, ಮೂರನೇ ಸಲ ನನ್ನ ಕಾಲು ನೋಡು.’

ಈ ವರ್ಣ ಅನ್ನುವ ಪದದ ಬೆನ್ನು ಹತ್ತಿ ಸಂಗೀತ ಕಚೇರಿಗೂ ಹೋದೆ. ಅಲ್ಲಿ ಅದು ಬೇರೆಯೇ ಪ್ರಾಣಿ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ವರ್ಣ ಸಾಮಾನ್ಯವಾಗಿ ಮೊದಲನೆಯದು. ಗಂಟಲಿಗೂ ಬೆರಳಿಗೂ ಕಾವು ಬರಲಿ ಅಂತ, ರಾಗದ ಮುಖ್ಯ ತಿರುವುಗಳನ್ನೆಲ್ಲ ಒಂದರಲ್ಲೇ ತೋರಿಸುವ ಗಟ್ಟಿ ಕಟ್ಟಡ. ಅಷ್ಟು ಹೊತ್ತಿಗೆ ಅರ್ಧ ಸಭೆ ಇನ್ನೂ ಪಾರ್ಕಿಂಗ್ ಹುಡುಕುತ್ತಿರುತ್ತೆ. ಒಂದೇ ಪದ ಒಂದು ಕಡೆ ಹೊಸ್ತಿಲು, ಇನ್ನೊಂದು ಕಡೆ ಗರ್ಭಗುಡಿ. ಇಂಥದ್ದು ನಿಘಂಟು ನೋಡಿದರೆ ಸಿಗಲ್ಲ.

ತೊಡೆ ಮೇಲಿನ ಆ ಲೆಕ್ಕವನ್ನೂ ಕಲಿತೆ. ಹತ್ತು ನಿಮಿಷದ ಕೆಲಸ, ನಂಬಿ. ಆದಿತಾಳ: ಅಂಗೈ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ನಾಲ್ಕಾಯ್ತು. ಮತ್ತೆ ಪೆಟ್ಟು, ಕೈ ತಿರುಗಿಸಿದರೆ ಹುಸಿ; ಪೆಟ್ಟು, ಹುಸಿ. ಎಂಟು. ಶಬ್ದ ಬಾರದ ಎಣಿಕೆಗೆ ‘ಹುಸಿ’ ಅಂತ ಹೆಸರಿಟ್ಟವರು ಯಾರೋ, ಅವರ ಕೈಗೆ ಒಂದು ನಮಸ್ಕಾರ. ಹೀಗೆ ಹಾಕುತ್ತಾ ಕೂತಾಗ ಗೊತ್ತಾಯ್ತು, ಹಾಡು ಎಷ್ಟೋ ಸಲ ಮೊದಲ ಪೆಟ್ಟಿಗೇ ಶುರುವಾಗಲ್ಲ, ಒಂದು ಚೂರು ತಡೆದು ಹೊರಡುತ್ತೆ. ಆ ಜಾಗಕ್ಕೆ ಎಡುಪು ಅಂತಾರೆ. ಸ್ವರ ಹಾಕುತ್ತಾ ಎಲ್ಲೆಲ್ಲೋ ಅಲೆದ ಗಾಯಕಿ ಸರಿಯಾಗಿ ಆ ಚೂರಿಗೇ ವಾಪಸ್ ಬಂದಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಆಡುತ್ತವೆ. ನಾನು ಅದನ್ನು ಹಿಂದೆ ದೊಡ್ಡವರ ನಾಟಕ ಅಂದುಕೊಂಡಿದ್ದೆ. ಈಗ ನನ್ನ ತಲೆಯೂ ಆಡುತ್ತೆ, ಒಂದೊಂದು ಸಲ ತಪ್ಪು ಜಾಗದಲ್ಲಿ.

ಒಂದು ಬೇಜಾರಿನ ಮಾತು ಇಲ್ಲೇ ಹೇಳಿಬಿಡ್ತೀನಿ. ಮೃದಂಗ, ಘಟದವರಿಗೆ ಇಡೀ ಕಚೇರಿಯಲ್ಲಿ ಅವರದ್ದೇ ಅಂತ ಸಿಗುವುದು ತನಿ ಆವರ್ತನ. ಅದು ಶುರುವಾದ ಕೂಡಲೇ ಕಾಫಿಗೆ ಏಳುವವರಲ್ಲಿ ರಾಗದ ಹೆಸರು ಗೊತ್ತಿರುವ ದೊಡ್ಡ ರಸಿಕರೇ ಜಾಸ್ತಿ. ಪದ ಗೊತ್ತಿದ್ದ ಮಾತ್ರಕ್ಕೆ ಮರ್ಯಾದೆ ಬರುತ್ತೆ ಅಂತೇನಿಲ್ಲ.

ಬಣ್ಣದ ವರ್ಣಕ್ಕೆ ಬರೋಣ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರ ನೀವು ನೋಡಿರುತ್ತೀರಿ, ಇಲ್ಲದಿದ್ದರೆ ಕ್ಯಾಲೆಂಡರಿನಲ್ಲಾದರೂ. ಶಾಲೆಯ ಪ್ರವಾಸದಲ್ಲಿ ನಾನು ಮೊದಲು ನೋಡಿದ್ದು. ‘ರವಿವರ್ಮನ ಚಿತ್ರ’ ಅಂತ ನಮ್ಮಲ್ಲಿ ಯಾರೋ ಅಂದರು, ನಾನೂ ಇಪ್ಪತ್ತು ವರ್ಷ ಹಾಗೇ ಹೇಳಿಕೊಂಡು ಬಂದೆ. ಅದು ರವಿವರ್ಮನದ್ದಲ್ಲ, ಎಸ್.ಎಲ್. ಹಳದಣಕರ್ ಅವರದ್ದು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬಂದದ್ದು 1940ರ ದಶಕದಲ್ಲಿ. ದೀಪ ಹಿಡಿದು ನಿಂತವರು ಹಳದಣಕರ್ ಅವರ ಮಗಳು.

ಇಸವಿ ಹೋಗಲಿ, ಎರಡು ಪದ ಗೊತ್ತಿದ್ದರೂ ನನಗೆ ಅನುಮಾನ ಬರಬೇಕಿತ್ತು: ತೈಲವರ್ಣ, ಜಲವರ್ಣ. ರವಿವರ್ಮ ಹೆಸರಾದದ್ದು ಎಣ್ಣೆ ಬಣ್ಣಕ್ಕೆ. ಎಣ್ಣೆ ಬಣ್ಣ ದಪ್ಪ, ಕಪ್ಪಿನ ಮೇಲೆ ಬಿಳಿ ಹಚ್ಚಿ ಬೆಳಕು ತರಬಹುದು, ತಪ್ಪಾದರೆ ಮುಚ್ಚಬಹುದು. ಹಳದಣಕರ್ ಮಾಡಿದ್ದು ಜಲವರ್ಣದಲ್ಲಿ. ನೀರು ಬಣ್ಣದ ಲೆಕ್ಕ ತಿರುಗುಮುರುಗು. ಅಲ್ಲಿ ಬೆಳಕು ಅಂದರೆ ಕಾಗದವೇ. ಎಲ್ಲಿ ಬೆಳಗಬೇಕೋ ಅಲ್ಲಿ ಕಾಗದವನ್ನು ಬಿಟ್ಟುಕೊಂಡೇ ಸುತ್ತ ಕತ್ತಲೆಯನ್ನು ತರಬೇಕು. ಒಮ್ಮೆ ಕತ್ತಲೆ ನುಗ್ಗಿದರೆ ಹಿಂದೆ ಕಳಿಸುವುದು ಬಹಳ ಕಷ್ಟ.

ಇದು ಗೊತ್ತಾದ ಮೇಲೆ ಮತ್ತೊಂದು ಸಲ ಮೈಸೂರಿಗೆ ಹೋದೆ. ಚಿತ್ರವನ್ನು ಕತ್ತಲಾಗಿಸಿದ ಜಾಗದಲ್ಲಿ ಇಟ್ಟಿದ್ದಾರೆ. ಜನ ಬರುತ್ತಾರೆ, ‘ನಿಜವಾದ ದೀಪ ಇಟ್ಟ ಹಾಗಿದೆ!’ ಅನ್ನುತ್ತಾರೆ, ಹೋಗುತ್ತಾರೆ. ತಪ್ಪೇನಿಲ್ಲ, ಹಾಗೇ ಇದೆ. ಆದರೆ ಈ ಸಲ ನಾನು ಬೆಳಕಿನ ಮೂಲ ಎಲ್ಲಿ ಅಂತ ನೋಡಿದೆ. ದೀಪದ ಕುಡಿಗೆ ಅವಳು ಕೈ ಅಡ್ಡ ಹಿಡಿದಿದ್ದಾಳೆ. ಗಾಳಿಗೆ ಆರದಿರಲಿ ಅಂತ. ಬೆಳಕು ಬೆರಳ ಸಂದಿಯಲ್ಲಿ ಹಾಯುತ್ತೆ, ಬೆರಳಿನ ಅಂಚು ಕೆಂಪಗೆ ಕಾಣುತ್ತೆ. ನಾವು ಚಿಕ್ಕವರಿದ್ದಾಗ ಟಾರ್ಚಿಗೆ ಅಂಗೈ ಮುಚ್ಚಿ ನೋಡುತ್ತಿದ್ದೆವಲ್ಲ, ಆ ಕೆಂಪು. ಆಮೇಲೆ ಬೆಳಕು ಮುಖಕ್ಕೆ ಹೋಗುತ್ತೆ, ಅಲ್ಲಿಂದ ಕೆಳಗೆ ಸೀರೆಯಲ್ಲಿ ಕರಗುತ್ತೆ. ಚಿತ್ರದ ನಿಜವಾದ ವಿಷಯ ದೀಪ ಅಲ್ಲ, ಅಡ್ಡ ಹಿಡಿದ ಆ ಕೈ ಅಂತ ನನಗನ್ನಿಸಿತು. ನೀವು ಒಪ್ಪದೇ ಇರಬಹುದು. ಜಗಳ ಆಡೋಣ. ಬೆಳಕಿನ ಮೂಲ, ಅಂಚು, ನೆರಳು ಅನ್ನುವ ಮಾತುಗಳಿದ್ದರೆ ಜಗಳ ಸಾಧ್ಯ. ‘ಸೂಪರ್’ ಜೊತೆ ಯಾರೂ ಜಗಳ ಆಡೋಕಾಗಲ್ಲ.

ಚಿತ್ರಕಲೆಯಲ್ಲಿ ಇನ್ನೊಂದು ಕಾಟ ಇದೆ, ಹೇಳಲೇಬೇಕು. ಗ್ಯಾಲರಿಯ ಗೋಡೆಗೆ ಅಂಟಿಸಿದ ಟಿಪ್ಪಣಿ. ‘ಅಸ್ಮಿತೆಯ ಬಿಕ್ಕಟ್ಟನ್ನು ಅವಕಾಶದೊಂದಿಗೆ ಅನುಸಂಧಾನಗೊಳಿಸುವ’ ಅಂತ ಶುರುವಾಗುವ ಥರದ್ದು. ಇದು ‘ಮಂತ್ರಮುಗ್ಧ’ದ ಓದಿಕೊಂಡ ತಮ್ಮ. ಇದನ್ನೂ ಯಾವ ಚಿತ್ರದ ಪಕ್ಕಕ್ಕೆ ಬೇಕಾದರೂ ಅಂಟಿಸಬಹುದು. ನಮ್ಮ ಜನ ಇದನ್ನು ಓದಿ ಗಾಬರಿಯಾಗಿ, ಚಿತ್ರಸಂತೆಗೆ ಹೋಗಿ ‘ಇದು ನಮ್ಮ ಸೋಫಾಕ್ಕೆ ಮ್ಯಾಚ್ ಆಗುತ್ತಾ?’ ಅಂತ ಕೇಳುತ್ತಾರೆ. ನನ್ನ ಕೇಳಿದರೆ ಎರಡರಲ್ಲಿ ಸೋಫಾದವರೇ ವಾಸಿ. ಪಾಪ, ಅವರು ಬಣ್ಣವನ್ನಾದರೂ ನೋಡಿದ್ದಾರೆ.

ರಂಗಭೂಮಿಯ ಪಾಠ ಆಗಿದ್ದು ಕುಂದಾಪುರದ ಸಹೋದ್ಯೋಗಿಯಿಂದ. ರವೀಂದ್ರ ಕಲಾಕ್ಷೇತ್ರಕ್ಕೆ ರಾತ್ರಿ ಯಕ್ಷಗಾನಕ್ಕೆ ಕರೆದುಕೊಂಡು ಹೋಗಿದ್ದ. ಅವನು ಅದನ್ನು ಯಕ್ಷಗಾನ ಅನ್ನಲ್ಲ, ‘ಆಟ’ ಅಂತಾನೆ. ಮಧ್ಯರಾತ್ರಿ ಹೊತ್ತಿಗೆ ಗೊಣಗಿದ, ‘ಕುಣಿತ ಅಡ್ಡಿಲ್ಲ, ಅರ್ಥ ಸಾಲ ಮಾರಾಯ.’ ಕಥೆಗೆ ಅರ್ಥ ಇಲ್ಲ ಅಂತಿದಾನೆ ಅಂದುಕೊಂಡು ನಾನು ಮಹಾಭಾರತದ ಪರ ವಾದಕ್ಕೆ ನಿಂತೆ! ಅಲ್ಲಿ ಅರ್ಥ ಅಂದರೆ ಮಾತು. ಭಾಗವತರು ಪದ ಹಾಡುತ್ತಾರೆ, ವೇಷಧಾರಿ ಅದನ್ನು ಹಿಡಿದು ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಆಡುವ ಮಾತೇ ಅರ್ಥ. ಅದಕ್ಕೆ ಬರೆದ ಸ್ಕ್ರಿಪ್ಟ್ ಇರಲ್ಲ. ಎದುರಿನವರು ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ಕುಣಿತ, ವೇಷ ಎಲ್ಲ ಬಿಟ್ಟು ಬರೀ ಹಾಡು ಮತ್ತು ಅರ್ಥದ ಮೇಲೆ ನಡೆಯುವ ತಾಳಮದ್ದಳೆ ಅಂತಲೇ ಒಂದಿದೆ. ಯಾವ ಭಾಷೆಯಲ್ಲಿ ‘ಮಾತು’ ಅನ್ನೋದಕ್ಕೇ ‘ಅರ್ಥ’ ಅಂತ ಹೆಸರಿಟ್ಟಿದ್ದಾರೋ ಆ ಭಾಷೆಯವರು ನಾವು, ‘ಮಂತ್ರಮುಗ್ಧ’ದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ.

ಇಬ್ಬರು ಹಿಡಿದುಕೊಂಡು ನಿಲ್ಲುವ ಆ ಅಡ್ಡ ಬಟ್ಟೆ ಇದೆಯಲ್ಲ, ಅದಕ್ಕೆ ತೆರೆ ಅಂತಾರೆ. ಮುಚ್ಚುವ ಬಟ್ಟೆಯ ಹೆಸರು ತೆರೆ, ಬಿಚ್ಚು ಅನ್ನುವುದಕ್ಕೂ ತೆರೆ. ವೇಷ ಒಮ್ಮೆಲೇ ಕಾಣಲ್ಲ. ಮೊದಲು ಬಟ್ಟೆಯ ಮೇಲೆ ಕಿರೀಟ, ಕೆಳಗೆ ಹೆಜ್ಜೆ. ನೋಡುವವನ ಆಸೆಯನ್ನು ಎಷ್ಟು ಹೊತ್ತು ಕಾಯಿಸಬಹುದು ಅನ್ನುವ ಲೆಕ್ಕ ಆ ಬಟ್ಟೆಯಲ್ಲಿದೆ. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ಇದೇ ತೆರೆಯನ್ನು ತಂದರು. ಕುದುರೆ ತಲೆಯ ಮನುಷ್ಯನನ್ನು ತೋರಿಸೋಕೆ ಅದಕ್ಕಿಂತ ಒಳ್ಳೆ ದಾರಿ ಬೇರೆ ಇರಲಿಲ್ಲ ಬಿಡಿ.

ಇಷ್ಟೆಲ್ಲ ಆಗಿ ಸುಮಾರು ಒಂದು ವರ್ಷಕ್ಕೆ, ಕರೆಯದಿದ್ದರೂ, ಅವಳ ಮತ್ತೊಂದು ಕಾರ್ಯಕ್ರಮಕ್ಕೆ ಹೋದೆ. ಹಿಂದಿನ ಸಾಲಿನಲ್ಲಿ ಕೂತೆ. ವರ್ಣ ಬಂತು. ಜತಿ ಬಂದಾಗ ಅರ್ಥ ಹುಡುಕದೆ ಕಾಲು ನೋಡಿದೆ. ಅಭಿನಯ ಬಂದಾಗ ಮುಖ ನೋಡಿದೆ. ಒಂದೇ ಸಾಲನ್ನು ಹಾಡುವವರು ಮತ್ತೆ ಮತ್ತೆ ಹಾಡುತ್ತಿದ್ದರು. ಅವಳು ಮೊದಲ ಸಲ ಬಾಗಿಲವರೆಗೆ ಓಡಿದಳು, ಎರಡನೇ ಸಲ ಕಿಟಕಿಗೆ. ಇನ್ನೊಂದು ಸಲ ಎಲ್ಲಿಗೂ ಹೋಗಲಿಲ್ಲ, ಕೂತಲ್ಲೇ ಕತ್ತು ಇಷ್ಟೇ ಇಷ್ಟು ತಿರುಗಿಸಿದಳು. ಬರುವವನು ಬರಲ್ಲ ಅಂತ ಅವಳಿಗೆ ಗೊತ್ತಾಗಿದ್ದು ನನಗೆ ಗೊತ್ತಾಯ್ತು.

ಮುಗಿದ ಮೇಲೆ ಹಿಂದೆ ಹೋದೆ. ನನ್ನನ್ನು ನೋಡಿ ಆಶ್ಚರ್ಯಪಟ್ಟಳು. ಬಾಯಿ ತುದಿಗೆ ಅಭ್ಯಾಸದ ಮಾತು ಬಂದಿತ್ತು, ನುಂಗಿಕೊಂಡೆ. ‘ಕೊನೇ ಸಲ ಬರೀ ಕತ್ತು ತಿರುಗಿಸಿದ್ಯಲ್ಲ...’ ಅಂದೆ. ಅವಳು ಸುಮ್ಮನೆ ನೋಡಿದಳು. ಧೈರ್ಯ ಜಾಸ್ತಿ ಆಗಿ ಇನ್ನೊಂದನ್ನೂ ಕೇಳಿಬಿಟ್ಟೆ, ‘ಎರಡನೇ ಜತಿ ಮುಕ್ತಾಯದಲ್ಲಿ, ಮೂರನೇ ಸಲ, ಕಾಲು ಒಂದು ಚೂರು ತಡ ಆಯ್ತಾ?’

ಗೆಜ್ಜೆ ಬಿಚ್ಚುತ್ತಿದ್ದವಳು ಹಾಗೇ ನಿಲ್ಲಿಸಿದಳು. ‘ಅಯ್ಯೋ, ಕಾಣಿಸ್ತಾ? ನಮ್ಮಮ್ಮಂಗೂ ಗೊತ್ತಾಗ್ಲಿಲ್ಲ ಕಣೋ’ ಅಂದಳು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಲ್ಲೇ ನನ್ನ ಕಡೆ ತಳ್ಳಿದಳು. ಸಭಾಂಗಣದ ವಾಚ್‌ಮನ್ ಬಂದು ಲೈಟ್ ಆರಿಸ್ತೀನಿ ಮೇಡಂ ಅನ್ನುವವರೆಗೆ ಅವಳು ಆ ಅರ್ಧ ಸೆಕೆಂಡಿನ ಬಗ್ಗೆಯೇ ಮಾತಾಡುತ್ತಿದ್ದಳು.